ಒಂಬತ್ತು ಅಂಕಣದ ಮಾಳಿಗೆ

ಮಸ್ಕಿಯ ಕಡೆ ಹೋಗುವವರು ಯಾರೇ ಸಿಗಲಿ, ಹಳೇ ಪೇಟೆಯೊಳಗಿನ ಆ ಮನೆ ನೋಡಿಕೊಂಡು ಬನ್ನಿ ಎಂದು ಹೇಳದೆ ನಾನು ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ. ತರಕಾರಿ ಮಾರುವವಳಿಗೆ ಹೇಳಿದ್ದೇನೆ. ಮೊನ್ನೆ ಲಿಂಗಸುಗೂರಿನ ದವಾಖಾನೆಯಲ್ಲಿ ನನ್ನ ಕಣ್ಣಿಗೆ ಔಷಧ ಬಿಡುತ್ತಿದ್ದ ನರ್ಸಿಗೂ ಹೇಳಿದೆ. "ಅಮ್ಮಾ, ಕಣ್ಣು ಮುಚ್ಚಿಕೊಂಡು ಮಾತಾಡ್ರಿ" ಎಂದಳು. ಮುಚ್ಚಿಕೊಂಡೇ ಹೇಳಿದೆ: ಒಂಬತ್ತು ಅಂಕಣದ ಮನೆ, ಗೋಡೆ ಎರಡು ಮೊಳ ದಪ್ಪ, ಮೇಲೆ ಸ್ಲ್ಯಾಬ್ ಇಲ್ಲ, ಮಣ್ಣಿನ ಮಾಳಿಗೆ, ಅದನ್ನು ಹೊಸದು ಮಾಡಿದವಳು ನನ್ನ ಮೊಮ್ಮಗಳು.

ಕಂಬ ಕಂಬಗಳ ನಡುವಿನ ಜಾಗಕ್ಕೆ ನಮ್ಮ ಕಡೆ ಅಂಕಣ ಎನ್ನುತ್ತಾರೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಇಷ್ಟು ಅಂಕಣ ಎಂದೇ ಹೇಳುವುದು. ಮೂರು ಅಂಕಣದ ಮನೆ ಇದ್ದವನು ಉಂಡು ತಿಂದು ಇದ್ದಾನೆ ಎಂದು ಅರ್ಥ. ಒಂಬತ್ತು ಅಂಕಣ ಎಂದರೆ ಸಾವ್ಕಾರ.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಮನೆ ಕಟ್ಟುವ ವಿದ್ಯೆಯ ಬಗ್ಗೆ ನಾನೇನು ಹೇಳಲಿ? ಆದರೆ ಆ ಮನೆಯ ಬಗ್ಗೆ ನನಗಿಂತ ಹೆಚ್ಚು ಗೊತ್ತಿದ್ದವರು ಬಹಳ ಜನ ಇಲ್ಲ. ಗೊತ್ತಿದ್ದದ್ದು ಮಾತ್ರ ಮೇಲಿನಿಂದ.

ಹೇಳುತ್ತೇನೆ ಕೇಳಿ. ಮಣ್ಣಿನ ಮಾಳಿಗೆ ಎಂದರೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಒಂದು ಗೇಣು ಸವಳು ಮಣ್ಣು. ಸವಳು ಎಂದರೆ ಉಪ್ಪಿನ ಮಣ್ಣು. ಅದರಲ್ಲಿ ಹುಲ್ಲು ಸಹ ಹುಟ್ಟುವುದಿಲ್ಲ, ಹೊಲದಲ್ಲಿ ಕಂಡರೆ ರೈತ ತಲೆ ಚಚ್ಚಿಕೊಳ್ಳುತ್ತಾನೆ. ಮಾಳಿಗೆಗೆ ಮಾತ್ರ ಅದೇ ಬೇಕು. ಮಳೆ ಬಿದ್ದ ಕೂಡಲೇ ಮೇಲಿನ ಪದರು ಬೆಣ್ಣೆಯಂತೆ ನುಣ್ಣಗಾಗಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ; ನೀರು ಕೆಳಗೆ ಇಳಿಯದೆ ಹೊರಗೆ ಸುರಿಯುವ ಹರನಾಳಿಗೆಯ ಕಡೆ ಓಡುತ್ತದೆ. ವರ್ಷಕ್ಕೊಮ್ಮೆ, ಮೃಗಶಿರಾದ ಮಿರಗ ಮಳೆ ಕೂಡುವ ಮೊದಲು, ಹೊಸ ಮಣ್ಣು ಹಾಕಿ ಬಡಿಯಬೇಕು. ಆ ಕೆಲಸ ನಮ್ಮ ಓಣಿಯ ಹೆಂಗಸರದು.

ನಾನು ಮೊದಲು ಹತ್ತಿದಾಗ ಹನ್ನೆರಡು ವರ್ಷದವಳು. ಹಳ್ಳದ ದಂಡೆಯಲ್ಲಿ ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ನಮ್ಮವ್ವನ ಹಿಂದೆ ಹೋದೆ. ಹಿತ್ತಲ ಗೋಡೆಗೆ ಏಣಿ ಹಚ್ಚಿರುತ್ತಿದ್ದರು. ಮನೆಯೊಳಗೆ ಗೋಡೆಯ ದಪ್ಪದಲ್ಲೇ ಕಲ್ಲಿನ ಮೆಟ್ಟಿಲು ಇತ್ತು, ಮಾಳಿಗೆಗೆ ಹತ್ತಲು. ಅದು ನಮಗಲ್ಲ. ನಮ್ಮ ಜನ ಆ ಹೊಸ್ತಿಲು ದಾಟುತ್ತಿರಲಿಲ್ಲ. ಬೇಡ ಎಂದು ಯಾರೂ ಬಂದು ಹೇಳಿದ್ದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಏಣಿ ಹಿಂದೆ ಇತ್ತು, ನಾವು ಹಿಂದಿನಿಂದ ಹತ್ತಿದೆವು, ಅಷ್ಟೇ.

ಹೀಗಾಗಿ ಆ ಮನೆ ನನಗೆ ಅಂಗಾಲಿನಿಂದ ಪರಿಚಯ. ಎಲ್ಲಿ ತೊಲೆ ಇದೆ, ಎಲ್ಲಿ ಬರೀ ಹಲಗೆ ಇದೆ, ಎಲ್ಲಿ ಕಾಲಿಟ್ಟರೆ ಮಾಳಿಗೆ ಸ್ವಲ್ಪ ತೂಗುತ್ತದೆ ಎಂದು ಕತ್ತಲಲ್ಲೂ ಹೇಳಬಲ್ಲವಳಾಗಿದ್ದೆ. ಮೂರು ಬೆಳಕಿಂಡಿ ಇದ್ದವು, ಮಾಳಿಗೆಗೆ ತೂತು ಕೊರೆದು ಕಲ್ಲಿನ ಉಂಗುರ ಕೂರಿಸಿದ್ದು. ಮನೆಯೊಳಗೆ ಬೆಳಕು ಬೀಳುವುದಕ್ಕೆ ಅವು. ದೊಡ್ಡದರಲ್ಲಿ ಬಗ್ಗಿ ನೋಡಿದರೆ ಅಡಿಗೆ ಮನೆ. ಅಲ್ಲಿ ಎರಡು ಕೈ, ಕೈತುಂಬ ಹಸಿರು ಬಳೆ, ಕೊಣಮಿಗೆ ಎಂಬ ಮರದ ಹರಿವಾಣದಲ್ಲಿ ರೊಟ್ಟಿ ಬಡಿಯುತ್ತಿದ್ದವು. ಮುಖ ಕಾಣುತ್ತಿರಲಿಲ್ಲ. ಸಾವ್ಕಾರರ ಮನೆಯ ಹೊಸ ಸೊಸೆ, ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು ಎಂದು ಅವ್ವ ಹೇಳಿದ್ದಳು.

ನಾವು ಮೇಲೆ ಮಣ್ಣು ಬಡಿದರೆ ಕೆಳಗೆ ಉದುರದೆ ಇರುತ್ತದೆಯೇ?

"ಯಾರಬೇ ಮ್ಯಾಲೆ? ಮಣ್ಣು ರೊಟ್ಟ್ಯಾಗ ಬೀಳಾಕತ್ತೈತಿ, ಕಣ್ಣಿಲ್ಲೇನ ನಿಮಗ?"

ಪ್ರತಿ ವರ್ಷವೂ ಕೆಳಗಿನಿಂದ ಆ ಸೊಸೆಯದು ಇದೇ ಕೂಗು. ಅವ್ವ ಮತ್ತು ಉಳಿದವರು ಬಾಯಿ ಮುಚ್ಚಿಕೊಂಡು ಇನ್ನಷ್ಟು ಮೆತ್ತಗೆ ಬಡಿಯುತ್ತಿದ್ದರು. ಒಂದು ವರ್ಷ ನನಗೆ ತಡೆಯಲಿಲ್ಲ. ಬೆಳಕಿಂಡಿಗೆ ಬಾಯಿ ಹಚ್ಚಿ, "ರೊಟ್ಟಿ ಮುಚ್ಚಿಡ್ರೀ ಅವ್ವಾರ!" ಎಂದು ಕೂಗಿಬಿಟ್ಟೆ. ಅವ್ವ ತೊಡೆ ಚಿವುಟಿದ್ದು ಎರಡು ದಿನ ನೀಲಿಗಟ್ಟಿತ್ತು. ಕೆಳಗೆ ಬಳೆ ಗಲ್ ಎಂದವು. ನಕ್ಕಳೋ ಸಿಟ್ಟಾದಳೋ ತಿಳಿಯಲಿಲ್ಲ.

ಆಮೇಲೆ ಊರಲ್ಲಿ ಸ್ಲ್ಯಾಬ್ ಬಂತು, ತಗಡು ಬಂತು. ಮಾಳಿಗೆಗೆ ಮಣ್ಣು ಹಾಕುವವರನ್ನು ಕರೆಯುವುದೇ ನಿಂತಿತು. ನನ್ನ ಮಗ ಓದಿ ನೌಕರಿ ಹಿಡಿದ, ನಾವು ಸಿಂಧನೂರಿಗೆ ಬಂದೆವು. ಅವನ ಮಗಳೇ ಈ ನನ್ನ ಮೊಮ್ಮಗಳು. ಮನೆಯ ನಕ್ಷೆ ತೆಗೆಯುವ ವಿದ್ಯೆ ಕಲಿತು ಬಂದಳು, ಆರ್ಕಿಟೆಕ್ಟ್. ಆ ಮಾತು ನನ್ನ ನಾಲಿಗೆಗೆ ಹೊರಳಲು ಒಂದು ವಾರ ಹಿಡಿಯಿತು. ಈಗ ನೋಡಿ, ನೀರು ಕುಡಿದಂತೆ ಹೇಳುತ್ತೇನೆ.

ಸಿಂಧನೂರಿನ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸಿಕ್ಕಿದ್ದೆಲ್ಲ ಅಕ್ಕಿ ಗಿರಣಿಯ ಗೋದಾಮು, ಅಕ್ಕಿ ಗಿರಣಿಯ ಕಾಂಪೌಂಡು. "ಅಮ್ಮಾ, ನಾ ಐದು ವರ್ಷ ಓದಿದ್ದು ಉದ್ದಕ ಒಂದು ಗೆರಿ ಎಳಿಯಾಕೇನು?" ಎಂದು ಊಟಕ್ಕೆ ಕೂತಾಗ ಗೊಣಗುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ. ಅವಳು ಅಮ್ಮ ಎಂದರೆ ನಾನೇ.

ಒಂದು ದಿನ ಬಂದವಳೇ ನನ್ನ ಎರಡೂ ಕೈ ಹಿಡಿದು ಗಿರಗಿಟ್ಟಲೆ ತಿರುಗಿಸಿದಳು.

"ಒಂದು ಹಳೀ ಮನಿ ಸಿಕ್ಕೈತಿ ಅಮ್ಮಾ! ಮಸ್ಕ್ಯಾಗ! ಪೂರಾ ನನ್ನ ಕೈಯಾಗ ಕೊಟ್ಟಾರ!"

"ಬಿಡಬೇ, ಬಿದ್ದರ ಸೊಂಟಕ್ಕ ನಿನ್ನ ನಕ್ಷಾನ ಕಟ್ಟಬೇಕಾಗತೈತಿ" ಎಂದೆ.

ನಕ್ಷೆ ಬಿಡಿಸಿ ತೋರಿಸಿದಳು. ನನಗೆ ನಕ್ಷೆ ಓದಲು ಬರುವುದಿಲ್ಲ. ಆದರೆ ಮಾಳಿಗೆಯನ್ನು ಮೇಲಿನಿಂದ ಕಂಡಂತೆ ಬರೆದಿದ್ದಳು, ನನಗೆ ಗೊತ್ತಿದ್ದದ್ದೂ ಆ ಕಡೆಯಿಂದಲೇ. ಹಳ್ಳದ ದಿಕ್ಕು, ಹಿತ್ತಲು, ಒಂಬತ್ತು ಅಂಕಣ. ನೋಡಿದ ಕೂಡಲೇ ಯಾವ ಮನೆ ಎಂದು ತಿಳಿಯಿತು.

"ಬೆಳಕಿಂಡಿ ಎರಡ ಬರದೀ. ಮೂರನೇದು ಎಲ್ಲಿ?"

"ಎರಡ ಅದಾವ ಅಮ್ಮಾ."

"ದೇವರ ಖೋಲಿ ಮ್ಯಾಗ ಒಂದು ಸಣ್ಣದು ಐತಿ. ಮುಚ್ಚಿರಬೇಕು, ತಗದು ನೋಡು."

"ನೀ ಆ ಮನಿಗೆ ಯಾವಾಗ ಹೋಗಿದ್ದಿ?"

"ಹೋಗಿಲ್ಲ."

"ಮತ್ತ?"

"ಮ್ಯಾಲೆ ಹೋಗೀನಿ."

ಅವಳು ನಕ್ಷೆಯ ಮೇಲೆ ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿದಳು. ಮರುದಿನ ಮಧ್ಯಾಹ್ನ ಫೋನ್ ಮಾಡಿ, "ಅಮ್ಮಾ, ಸಿಕ್ತು! ತಗಡು, ಅದರ ಕೆಳಗ ಮಣ್ಣು, ಅದರ ಕೆಳಗ ಕಲ್ಲಿನ ಉಂಗರ!" ಎಂದು ಚೀರಿದಳು. ಆ ದಿನ ನಾನು ಇಡೀ ಓಣಿಗೆ ಚಹಾ ಕುಡಿಸಿದೆ.

ಈಗ ತೊಡಕಿನ ಮಾತಿಗೆ ಬರುತ್ತೇನೆ. ಮನೆ ಈಗ ಆ ಹಸಿರು ಬಳೆಯ ಸೊಸೆಯ ಮಗನದು. ಊರಲ್ಲಿ ಅವರನ್ನೂ ಸಾವ್ಕಾರರು ಎಂದೇ ಕರೆಯುತ್ತಾರೆ. ಅವರಿಗೆ ಎಲ್ಲ ಕೆಡವಿ ಹೊಸದು ಕಟ್ಟುವ ಮನಸ್ಸಿತ್ತು. ಅವರ ತಾಯಿ, "ನಾ ಹೋದಮ್ಯಾಲೆ ಕೆಡವು, ಅಲ್ಲೀತನ ಈ ಕಂಬ ಅಳ್ಳಾಡಬಾರದು" ಎಂದು ಕೂತುಬಿಟ್ಟಿದ್ದರು. ಆಗ ಕಂಬ, ಗೋಡೆ ಇರಲಿ, ಒಳಗೆ ಹೊಸ ಅನುಕೂಲ ಮಾಡೋಣ, ಮಾಳಿಗೆ ಕಿತ್ತು ಸ್ಲ್ಯಾಬ್ ಹಾಕೋಣ ಎಂದು ಸಾವ್ಕಾರರು ಇಳಿದು ಬಂದರು. ನನ್ನ ಮೊಮ್ಮಗಳು ಒಪ್ಪಲಿಲ್ಲ. ಸ್ಲ್ಯಾಬಿನ ಭಾರಕ್ಕೆ ಮಣ್ಣಿನ ಗೋಡೆ ಬಿರಿಯುತ್ತದೆ, ಮನೆ ಬೇಸಿಗೆಯಲ್ಲಿ ಕುಲುಮೆಯಾಗುತ್ತದೆ, ಮಣ್ಣಿನ ಮಾಳಿಗೆಯನ್ನೇ ಹೊಸದಾಗಿ ಮಾಡಿಕೊಡುತ್ತೇನೆ ಎಂದಳು.

ಸಾವ್ಕಾರರು ಕೆಟ್ಟವರಲ್ಲ, ಆದರೆ ವ್ಯಾಪಾರದವರು, ಮಾತು ಖಡಕ್ಕು. "ನೋಡ್ರಿ ಮೇಡಂ, ಮಿರಗದ ಮೊದಲ ಮಳಿ ಬರಲಿ. ಒಳಗ ಒಂದು ಹನಿ ಬಿದ್ದರ ಮರುದಿನ ಮಾಳಿಗಿ ಕಿತ್ತಿ ಸ್ಲ್ಯಾಬ್. ಆಮ್ಯಾಲೆ ನೀವು ಮಾತಾಡಬಾರದು" ಎಂದರು. ಅವಳ ಆಫೀಸಿನ ದೊಡ್ಡವರೂ ಹೇಳಿದರಂತೆ: ಇದು ನಿಂತರೆ ಹಳೇ ಮನೆಗಳ ಕೆಲಸ ಇನ್ನು ಮುಂದೆ ನಿನಗೇ, ಸೋರಿದರೆ ಮತ್ತೆ ಗಿರಣಿ ಕಾಂಪೌಂಡು.

ಒಂದು ಹನಿ. ಅವಳ ಮುಂದಿನದೆಲ್ಲ ಅದಕ್ಕೇ ಕಟ್ಟುಬಿತ್ತು.

ಕೆಲಸ ಮಾಳಿಗೆಯ ಹಂತಕ್ಕೆ ಬಂದಾಗ ನಾನು ಮಸ್ಕಿಗೆ ಹೋಗಿ ನಮ್ಮ ಹಳೇ ಓಣಿಯಲ್ಲಿ ತಂಗಿಯ ಮನೆಯಲ್ಲಿ ಉಳಿದೆ. ನೋಡುವ ಆಸೆ, ಮತ್ತೇನು? ಅವಳು ಬೆಳಿಗ್ಗೆ ಸಿಂಧನೂರಿನಿಂದ ಸ್ಕೂಟಿಯಲ್ಲಿ ಬಂದು ನನ್ನನ್ನು ಹಿಂದೆ ಕೂರಿಸಿಕೊಂಡು ಆ ಮನೆಯ ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಟ್ರ್ಯಾಕ್ಟರಿನಿಂದ ಇಳಿಸಿದ ಮಣ್ಣಿನ ಗುಡ್ಡೆ.

"ಸವಳು ನೋಡಮ್ಮ, ಗೊರೇಬಾಳದ್ದು. ಗದ್ದಿಗೆ ನೀರು ಹೆಚ್ಚಾಗಿ ಹೊಲ ಬೆಳ್ಳಗ ಉಪ್ಪಾಗಿ ಕುಂತಾವಲ್ಲ, ಅಲ್ಲಿಂದ ತರಿಸೀನಿ. ಟೆಸ್ಟ್ ಮಾಡಿಸೀನಿ, ಉಪ್ಪು ಸರಿ ಐತಿ. ಎರಡು ಅಂಕಣಕ್ಕ ಹಾಕಿನೂ ಆತು."

ನಾನು ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದೆ. ಉಪ್ಪು ಸರಿಯಾಗಿಯೇ ಇತ್ತು.

ಲಿಂಗಸುಗೂರಿನಿಂದ ಬಂದ ಗೌಂಡಿ ಅಲ್ಲೇ ಸುಣ್ಣ ಕಲಸುತ್ತಿದ್ದ. ಬಿಳಿ ಗಡ್ಡ, ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಬಂಗಾರದಂಥ ಕೆಲಸ. ಕತ್ತೆತ್ತಿ, "ಯಕ್ಕಾ, ಮಣ್ಣು ನೆಕ್ಕಾಕತ್ತೀ? ಮನ್ಯಾಗ ನಾಷ್ಟಾ ಆಗಿಲ್ಲೇನು?" ಎಂದ.

"ನೀನೂ ಒಂದು ಚಮಚ ಸುಣ್ಣ ನೆಕ್ಕಿ ನೋಡಪಾ, ಯಾರದು ರುಚಿ ಐತಿ ಹೇಳು" ಎಂದೆ.

ಆಮೇಲೆ ಸ್ವಲ್ಪ ನೀರು ಹಾಕಿ ಅಂಗೈಯಲ್ಲಿ ತಿಕ್ಕಿದೆ. ಅಂಗೈ ಬಿಟ್ಟು ಹೋಗಲಿಲ್ಲ. ಅಂಟಿತು, ಬೆಲ್ಲದ ಪಾಕದಂತೆ. ಮೇಲೆ ಬಿಳಿ ಉಪ್ಪು, ಒಳಗೆ ಕಪ್ಪು.

"ಇದು ಸವಳಲ್ಲ ಮಗಳ. ಉಪ್ಪು ತಿಂದ ಎರಿ."

ಎರೆ ಮಣ್ಣು ಎಂದರೆ ನಮ್ಮ ಕಪ್ಪು ಹೊಲದ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಬೆರಳು ಹೋಗುವಷ್ಟು ಬಿರಿಯುತ್ತದೆ. ಹೊಲ ಬಿರಿದರೆ ನಡೆಯುತ್ತದೆ, ಮಾಳಿಗೆ ಬಿರಿದರೆ ಮುಗಿಯಿತು. ನಮ್ಮ ಕಾಲಕ್ಕೆ ಈ ತಪ್ಪು ಆಗುತ್ತಿರಲಿಲ್ಲ, ಯಾಕೆಂದರೆ ಎರೆ ಹೊಲ ಉಪ್ಪಾಗಿದ್ದನ್ನು ನಾವು ಕಂಡೇ ಇರಲಿಲ್ಲ. ಕಾಲುವೆ ನೀರು ಬಂದ ಮೇಲೆ ಆದದ್ದು ಅದು. ಉಪ್ಪು ಕಂಡರೆ ಸವಳು ಎಂದು ಎಲ್ಲರೂ ನಂಬಿದರು. ಟ್ರ್ಯಾಕ್ಟರಿನವನು ನಂಬಿದ, ಗೌಂಡಿ ನಂಬಿದ, ಓದಿದ ನನ್ನ ಮೊಮ್ಮಗಳೂ ನಂಬಿದಳು.

"ಟೆಸ್ಟ್ ಆಗೈತಿ ಯಕ್ಕಾ" ಎಂದ ಗೌಂಡಿ.

"ನಮ್ಮ ಟೆಸ್ಟೂ ಆಗಲಿ."

ನಮ್ಮ ಟೆಸ್ಟ್ ಎಂದರೆ ಮಣ್ಣಿನ ರೊಟ್ಟಿ. ಮಣ್ಣು ಕಲಸಿ, ರೊಟ್ಟಿಯಂತೆ ಬಡಿದು, ಕಲ್ಲಿನ ಮೇಲೆ ಬಿಸಿಲಿಗೆ ಇಡುವುದು. ಅವ್ವ ಹೊಸ ಜಾಗದ ಮಣ್ಣು ಅಗೆಯುವ ಮೊದಲು ಹೀಗೇ ಮಾಡುತ್ತಿದ್ದಳು. ಗೊರೇಬಾಳದ ಮಣ್ಣಿನದು ಒಂದು ರೊಟ್ಟಿ ಬಡಿದೆ. ತಂಗಿಯ ಮನೆಯ ಹಳೇ ಮಾಳಿಗೆಯ ಮೂಲೆಯಿಂದ ಒಂದು ಹಿಡಿ ಕೆರೆದು ತಂದು ಇನ್ನೊಂದು ಬಡಿದೆ. ಎರಡನ್ನೂ ಆ ಮನೆಯ ಮುಂದಿನ ಕಟ್ಟೆಯ ಮೇಲೆ ಇಟ್ಟೆವು.

"ಪಲ್ಯಾ ಏನು ಮಾಡಸಲಿ ಯಕ್ಕಾ?" ಎಂದು ಗೌಂಡಿ ಹೋಗುವಾಗೊಮ್ಮೆ ಬರುವಾಗೊಮ್ಮೆ ಕಾಡಿದ.

ಮರುದಿನ ಮಧ್ಯಾಹ್ನಕ್ಕೆ ಗೊರೇಬಾಳದ ರೊಟ್ಟಿ ಐದು ಚೂರಾಗಿ ಬಿರಿದು ಅಂಚು ಮೇಲೆದ್ದಿತ್ತು. ಹಳೇ ಸವಳಿನದು ಹಾಗೇ ಇತ್ತು, ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಗೌಂಡಿ ಬಂದು ನೋಡಿದ. ಎಲೆಯಡಿಕೆ ಉಗುಳಿ ಬಂದು ಮತ್ತೆ ನೋಡಿದ. "ತೌಬಾ" ಎಂದ. ಆಮೇಲೆ ಅವನು ಪಲ್ಯದ ಮಾತೆತ್ತಲಿಲ್ಲ.

ಮೊಮ್ಮಗಳ ಮುಖ ಮಾತ್ರ ಇಷ್ಟು ಸಣ್ಣದಾಗಿತ್ತು. ಹಾಕಿದ್ದು ಎರಡು ಅಂಕಣ. ಮಿರಗಕ್ಕೆ ಉಳಿದದ್ದು ಎಂಟು ದಿನ. ಯಾರಿಗೂ ಹೇಳದೆ ಅದರ ಮೇಲೆಯೇ ಒಳ್ಳೇ ಮಣ್ಣು ಹಾಕಿ ಮುಚ್ಚಿಬಿಡಬಹುದಿತ್ತು. ಗೌಂಡಿ ಅದನ್ನೇ ಹೇಳಿದ: "ಮ್ಯಾಲೆ ಒಂದು ಪದರು ಹಾಕಿ ಬಿಡೂನು ಬೇಟಾ, ಯಾರು ನೋಡ್ತಾರ?"

ಅವಳು ನೆಟ್ಟಗೆ ಪಡಸಾಲೆಗೆ, ಸಾವ್ಕಾರರ ಹತ್ತಿರ ಹೋದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ, ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿತು.

"ಸರ್, ಎರಡು ಅಂಕಣದ ಮಣ್ಣು ತಪ್ಪಾಗೈತ್ರಿ. ತಗೀತೀನಿ. ತಪ್ಪು ನಂದ."

"ಟೆಸ್ಟ್ ಮಾಡಿಸೀನಿ ಅಂದ್ರೆಲ್ಲ?"

"ಉಪ್ಪು ಟೆಸ್ಟ್ ಮಾಡಿಸಿದೆ, ಬಿರುಕು ಮಾಡಿಸಲಿಲ್ಲ. ಮಾಡಿಸಬೇಕಾಗಿತ್ತು."

"ಮಿರಗ ನಿಮ್ಮ ಸಲುವಾಗಿ ನಿಲ್ಲಂಗಿಲ್ಲರೀ. ನನ್ನ ಮಾತು ಮಾತೇ. ಒಂದು ಹನಿ" ಎಂದರು ಸಾವ್ಕಾರರು.

"ಹೌದ್ರಿ."

ನೀವು ಏನಾದರೂ ಅನ್ನಿ. ಅವಳು ಪದವಿ ತೆಗೆದುಕೊಂಡ ದಿನ ನನಗೆ ಸಂತೋಷವಾಗಿತ್ತು, ಫೋಟೋ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಆದರೆ "ತಪ್ಪು ನಂದ" ಎಂದು ಆ ಪಡಸಾಲೆಯಲ್ಲಿ ನಿಂತು, ದನಿ ನಡುಗಿಸದೆ ಅವಳು ಹೇಳಿದಳಲ್ಲ, ಆ ಗಳಿಗೆಗೆ ಕಟ್ಟು ಹಾಕಿಸಲು ಬರುವಂತಿದ್ದರೆ ಪದವಿಯ ಫೋಟೋ ತೆಗೆದು ಅದನ್ನೇ ಹಾಕುತ್ತಿದ್ದೆ.

ಸರಿ, ಮಣ್ಣು? ನಾನು ದೊಡ್ಡ ಧೈರ್ಯದಿಂದ, "ಹಳ್ಳದ ದಂಡಿಗೆ ನಡೀ, ತೋರಸ್ತೀನಿ" ಎಂದೆ. ಹೋಗಿ ನೋಡಿದರೆ ನಾವು ಅಗೆಯುತ್ತಿದ್ದ ಜಾಗದಲ್ಲಿ ಸಾಲು ಮನೆ, ಮನೆ ಮುಂದೆ ಕಾರು. ದಂಡೆಯೇ ಇಲ್ಲ. ಮೊಮ್ಮಗಳ ಮುಂದೆ ನನಗೆ ನಾಚಿಕೆಯಾಯಿತು. ಸುಮ್ಮನೆ ಹಳ್ಳದ ಗುಂಟ ನಡೆದೆವು, ನಾನು, ತಂಗಿ, ಅವಳು. ಬಿಸಿಲು ನೆತ್ತಿಯ ಮೇಲೆ. ತಂಗಿಯೇ ನಿಂತು, "ಅಲ್ಲಿ ಅಗಸರು ಬಟ್ಟಿಗೆ ಸವಳು ಒಯ್ತಿದ್ದರಲ್ಲಬೇ, ಜಾಲಿ ಆಚಿ ಕಡೆ?" ಎಂದಳು. ಬಟ್ಟೆ ಒಗೆಯಲು ಅಗಸರು ಬಳಸುತ್ತಿದ್ದದ್ದೂ ಅದೇ ಮಣ್ಣು. ಜಾಲಿ ದಾಟಿ ಹೋದರೆ ಒಂದು ಬಯಲು, ಸುತ್ತ ಹಸಿರು, ನಡುವೆ ಬೋಳು ತಲೆಯಂತೆ ಬೂದಿ ಬಣ್ಣದ ನೆಲ. ಒಂದು ಹುಲ್ಲು ಕಡ್ಡಿ ಇಲ್ಲ.

ನಾನು ನಾಲಿಗೆಗೆ ಹಚ್ಚಿದೆ. ಅಂಗೈಯಲ್ಲಿ ತಿಕ್ಕಿದೆ. ಜಾರಿತು, ಸಾಬೂನಿನಂತೆ. ಮೊಮ್ಮಗಳೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು.

ಹೊಲದವನನ್ನು ಕೇಳಿದರೆ ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಒಯ್ಯಬೇ ಅಮ್ಮಾ, ಒಯ್ಯ! ಪೂರಾ ಒಯ್ಯ! ಈ ಶನಿ ತೊಲಗಲಿ ಅಂತ ನಾ ಇಪ್ಪತ್ತು ವರ್ಷದಿಂದ ಕಾಯಾಕತ್ತೀನಿ" ಎಂದ.

ಬಡಿಯುವುದಕ್ಕೆ ಈಗಿನ ಹುಡುಗಿಯರಿಗೆ ಬರುವುದಿಲ್ಲ. ನಮ್ಮ ಓಣಿಯಲ್ಲಿ ಆ ಕೆಲಸ ಬಲ್ಲವರು ನನ್ನನ್ನೂ ತಂಗಿಯನ್ನೂ ಬಿಟ್ಟರೆ ಇನ್ನಿಬ್ಬರು ಉಳಿದಿದ್ದರು. ನಾಲ್ವರೂ ಹೊರಟೆವು. ಎಳೆಯ ಆಳುಗಳು ಮಣ್ಣು ಹೊರಲಿ, ನಾವು ಬಡಿದು ತೋರಿಸುತ್ತೇವೆ ಎಂದು ಮಾತಾಗಿತ್ತು. ಆದರೆ ಬುಟ್ಟಿ ಕಂಡರೆ ಕೈ ಸುಮ್ಮನಿರುತ್ತದೆಯೇ? ಮೊದಲ ಬುಟ್ಟಿ ನಾವೇ ಹೊತ್ತೆವು, ಅರ್ಧ ಬುಟ್ಟಿ ಅನ್ನಿ. ಕಾಲು ತಾವಾಗಿಯೇ ಹಿತ್ತಲಿಗೆ ತಿರುಗಿದವು. ಅಲ್ಲಿ ಏಣಿ ಇಲ್ಲ.

"ಏಣಿ ಎಲ್ಲೇಬೇ?" ಎಂದು ಕೂಗಿದೆ.

ಮಾಳಿಗೆಯ ಅಂಚಿನಿಂದ ಮೊಮ್ಮಗಳ ತಲೆ ಕಾಣಿಸಿತು. "ಏಣಿ ತಗಸೀನಿ ಅಮ್ಮಾ. ಒಳಗ ಮೆಟ್ಟಿಲ ಐತಿ. ತಲಿಬಾಗಿಲದಿಂದ ಬರ್ರಿ, ಲಗೂನ ಬರ್ರಿ, ಹೊತ್ತಾಗಾಕತ್ತೈತಿ."

ಅಷ್ಟು ಹೇಳಿ ತಲೆ ಒಳಗೆ ಹೋಯಿತು.

ತಲೆಬಾಗಿಲಿಗೆ ಬಂದೆವು. ಹೊಸ್ತಿಲ ಹತ್ತಿರ ನನ್ನ ಕಾಲು ನಿಂತಿತು. ತಲೆಯ ಮೇಲೆ ಬುಟ್ಟಿ, ಹಿಂದೆ ತಂಗಿ, ಅವಳ ಹಿಂದೆ ಇನ್ನಿಬ್ಬರು.

"ನಡಿಯಬೇ ಯಕ್ಕಾ, ಕುತಗಿ ಮುರಿಯಾಕತ್ತೈತಿ!" ಎಂದು ತಂಗಿ ಹಿಂದಿನಿಂದ ದೂಡಿದಳು. ದಾಟಿದೆ.

ಒಳಗೆ ತಂಪು, ಕೊಡದ ನೀರಿನೊಳಗೆ ಕೈ ಇಟ್ಟಷ್ಟು. ಬಾಗಿಲಾಚೆಯ ಮೊದಲ ಅಂಕಣಗಳಲ್ಲಿ ಹಿಂದೆ ಎತ್ತು ಕಟ್ಟುತ್ತಿದ್ದರು. ಅವುಗಳ ಉಸಿರು ಬೆಳಕಿಂಡಿಯಿಂದ ಬೆಚ್ಚಗೆ ನಮ್ಮ ಕಾಲಿಗೆ ತಾಗುತ್ತಿದ್ದದ್ದು ನೆನಪಿದೆ. ಈಗ ಅಲ್ಲಿ ಕೂರುವ ಜಾಗ. ಮೇವು ಹಾಕುತ್ತಿದ್ದ ಕಲ್ಲಿನ ದೋಣಿಯನ್ನು ಮೊಮ್ಮಗಳು ಕದಲಿಸದೆ ಅದರಲ್ಲೇ ಪುಸ್ತಕ, ಪೇಪರು ಇಡಿಸಿದ್ದಾಳೆ. ಅಲ್ಲಿಂದ ಮೊಳಕಾಲೆತ್ತರ ಪಡಸಾಲೆ. ಕಂಬಗಳಿಗೆ ಬಳಿದಿದ್ದ ಹಸಿರು ಬಣ್ಣ ಕೆರೆದು ತೆಗೆದು ಎಣ್ಣೆ ಹಚ್ಚಿಸಿದ್ದಳು; ಒಂದೊಂದು ಕಂಬದ ನೆತ್ತಿಯಲ್ಲೂ ಎರಡೆರಡು ಗಿಳಿ, ತಲೆಯ ಮೇಲೆ ತೊಲೆ ಹೊತ್ತು ಕೂತಿವೆ. ಇಷ್ಟು ವರ್ಷ ನನ್ನ ಭಾರ ಹೊತ್ತವು ಈ ಗಿಳಿಗಳು ಎಂದು ನನಗೇನು ಗೊತ್ತು? ನೆಲದಡಿ ಜೋಳ ತುಂಬುತ್ತಿದ್ದ ಹಗೇವಿನ ಬಾಯಿಗೆ ದಪ್ಪ ಗಾಜು, ಒಳಗೊಂದು ದೀಪ. ಇಣುಕಿದರೆ ಎರಡಾಳು ಆಳ ಕಾಣುತ್ತದೆ. ಹಿಂದೆ ಹೊಸ ಬಚ್ಚಲು, ನಿಂತು ಅಡಿಗೆ ಮಾಡುವ ಕಟ್ಟೆ, ನಲ್ಲಿ. ಮೂರು ಬೆಳಕಿಂಡಿಗೂ ಗಾಜಿನ ಮುಚ್ಚಳ, ಹಗ್ಗ ಎಳೆದರೆ ತೆರೆಯುತ್ತದೆ. ದೇವರ ಖೋಲಿಯ ಸಣ್ಣ ಕಿಂಡಿಯಿಂದ ಬಿಸಿಲು ಕೋಲಿನಂತೆ ನೆಟ್ಟಗೆ ಜಗುಲಿಯ ಮೇಲೆ ಬಿದ್ದಿತ್ತು.

ತಲೆಯೆತ್ತಿ ಜಂತಿ ನೋಡುವುದಕ್ಕೆ ಹೋದೆ. ಬುಟ್ಟಿ ವಾಲಿತು. ಒಂದು ಹಿಡಿ ಮಣ್ಣು ಥಪ್ ಎಂದು ನೆಲದ ಹೊಸ ಪರಸಿ ಕಲ್ಲಿನ ಮೇಲೆ ಬಿತ್ತು.

"ಯಾರಬೇ ಅದು? ಮಣ್ಣು ಬೀಳಾಕತ್ತೈತಿ, ಕಣ್ಣಿಲ್ಲೇನ ನಿಮಗ?"

ಅದೇ ದನಿ. ಸ್ವಲ್ಪ ಸವೆದಿತ್ತು, ಆದರೆ ಅದೇ. ಕುರ್ಚಿಯಲ್ಲಿ ಸಾವ್ಕಾರರ ತಾಯಿ ಕೂತಿದ್ದರು. ಕೈಯಲ್ಲಿ ಬಳೆ ಇರಲಿಲ್ಲ. ಮುಖ ನಾನು ನೋಡಿದ್ದು ಆವತ್ತೇ.

"ಕಣ್ಣು ಅದಾವ್ರೀ ಅವ್ವಾರ. ಒಂದರಾಗ ಪೊರಿ ಬಂದೈತಿ" ಎಂದೆ.

"ಹಂಗಾರ ಇನ್ನೊಂದರಲೆ ನೋಡಿ ನಡಿ" ಎಂದರು. ನಾವು ಸಾಲಾಗಿ ಗೋಡೆಯೊಳಗಿನ ಮೆಟ್ಟಿಲು ಹತ್ತಿದೆವು. ಕಲ್ಲು ಸವೆದಿರಲಿಲ್ಲ, ಹೆಚ್ಚು ಜನ ಹತ್ತಿದ ಮೆಟ್ಟಿಲಲ್ಲ ಅದು.

ಆರು ದಿನ ಬಡಿದೆವು. ಎರೆ ತೆಗೆದ ಎರಡು ಅಂಕಣ ಮೊದಲು, ಉಳಿದ ಏಳು ಆಮೇಲೆ. ಮೊಮ್ಮಗಳು ನೀರಿನ ಪೈಪು ಹಿಡಿದು ಇಳಿಜಾರು ಅಳೆಯುತ್ತಿದ್ದಳು. ನಾನು ಬರಿಗಾಲಲ್ಲಿ ನಡೆದು, "ಇಲ್ಲಿ ಒಂದು ಬೆರಳು ತಗ್ಗೈತಿ" ಎನ್ನುತ್ತಿದ್ದೆ. ಅವಳು ಅಳೆದು, "ಹೌದು ಒಂದು ಬೆರಳು" ಎನ್ನುತ್ತಿದ್ದಳು. ಗೌಂಡಿ ಹರನಾಳಿಗೆಗಳ ಬಾಯಿಗೆ ಸುಣ್ಣದ ಗಚ್ಚು ಹಿಡಿದ. ಕೊನೆಗೆ ಸಗಣಿ ನೀರು ಸಾರಿಸಿದೆವು.

ಮಿರಗ ಕೂಡಿದ ನಾಲ್ಕನೇ ದಿನ, ಹೊತ್ತು ಇಳಿಯುವ ಮೊದಲೇ, ಲಿಂಗಸುಗೂರಿನ ಕಡೆಯಿಂದ ಮುಗಿಲು ಕಪ್ಪಾಗಿ ಬಂತು. ತಂಗಿಯ ಮನೆಯಿಂದ ಆ ಮನೆಗೆ ಹೇಗೆ ಓಡಿದೆನೋ ತಿಳಿಯದು. ಹೊಸ್ತಿಲಲ್ಲಿ ಕಾಲು ನಿಲ್ಲಲಿಲ್ಲ, ಅದು ಮಾತ್ರ ಗೊತ್ತು. ಪಡಸಾಲೆಯಲ್ಲಿ ಸಾವ್ಕಾರರು ಟಾರ್ಚು ಹಿಡಿದು ಮೇಲೆ ನೋಡುತ್ತ ನಿಂತಿದ್ದರು. ಅವರ ತಾಯಿ ದೇವರ ಖೋಲಿಯ ಮುಂದಿನ ಕಂಬದ ಬುಡಕ್ಕೆ ಅಗಲವಾದ ಹಿತ್ತಾಳೆ ತಟ್ಟೆ, ಒಂದು ಪರಾತ, ಇಡಿಸಿದ್ದರು. "ನಾ ಈ ಮನಿಗೆ ಬಂದಾಗಿಂದ ಇಲ್ಲಿ ಸೋರತೈತಿ. ಇಲ್ಲಿ ಬಿದ್ದಿಲ್ಲಂದ್ರ ಎಲ್ಲೂ ಬೀಳಂಗಿಲ್ಲ" ಎಂದರು. ನನಗೂ ಆ ಜಾಗ ಗೊತ್ತು. ಮೇಲೆ ಕಾಲಿಟ್ಟರೆ ತೂಗುತ್ತಿದ್ದದ್ದು ಅಲ್ಲೇ.

ಮೊಮ್ಮಗಳು ಮಾಳಿಗೆಯ ಮೇಲಿದ್ದಳು. ಮಳೆ ಬಿತ್ತು. ಮಳೆ ಎಂದರೆ ಮಳೆ! ಬೆಳಕಿಂಡಿಯ ಗಾಜಿನ ಮೇಲೆ ಜೋಳ ಸುರಿದಂತೆ ಸದ್ದು. ಗೌಂಡಿ ಕಂಬಕ್ಕೆ ಒರಗಿ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದ. ನಾನೂ ಪರಾತವನ್ನೇ ನೋಡುತ್ತಿದ್ದೆ. ಒಣಗಿತ್ತು. ಅರ್ಧ ತಾಸು ಹೋಯಿತು. ಒಣಗೇ ಇತ್ತು. ಹೊರಗೆ ನಾಲ್ಕು ಹರನಾಳಿಗೆಯೂ ಆನೆ ಸೊಂಡಿಲಿನಂತೆ ನೀರು ಕಾರುತ್ತಿದ್ದವು.

ಮೆಟ್ಟಿಲಿನಿಂದ ಧಡಧಡ ಸದ್ದು. ಮೊಮ್ಮಗಳು ತೊಯ್ದು ತೊಪ್ಪೆಯಾಗಿ ಓಡಿ ಬಂದಳು. ಯಾರನ್ನೂ ನೋಡದೆ ನೇರ ಆ ಕಂಬದ ಹತ್ತಿರ ಬಂದು ಪರಾತದ ಮೇಲೆ ಬಗ್ಗಿದಳು.

ಟಣ್.

ಸಾವ್ಕಾರರು ಟಾರ್ಚು ಮೇಲೆ ಹಿಡಿದರು. ಪರಾತದೊಳಗೆ ಒಂದು ಹನಿ, ಹಿತ್ತಾಳೆಯ ಮೇಲೆ ಹೊಳೆಯುತ್ತ ಕೂತಿತ್ತು. ಮೊಮ್ಮಗಳು ಇನ್ನಷ್ಟು ಬಗ್ಗಿದಳು.

ಟಣ್. ಟಣ್.

"ಏ ಹುಚ್ಚಿ!" ಎಂದು ಸಾವ್ಕಾರರ ತಾಯಿ ಕುರ್ಚಿಯಿಂದ ಕೋಲು ಚಾಚಿದರು. "ನಿನ್ನ ಜಡಿ ಹಿಂದಕ ತಗೀ! ಮಾಳಿಗಿ ಸೋರವಲ್ದು, ನೀ ಸೋರಾಕತ್ತೀ!"

ಅವಳ ಜಡೆಯ ತುದಿಯಿಂದ ನೀರು ಹನಿಯುತ್ತಿತ್ತು. ಗೌಂಡಿ ಮೊದಲು ನಕ್ಕ. ಆಮೇಲೆ ಸಾವ್ಕಾರರು ನಕ್ಕರು, ಟಾರ್ಚು ಆರಿಸಿದರು. ನನ್ನ ಮೊಮ್ಮಗಳು ಜಡೆ ಹಿಡಿದುಕೊಂಡು ನೆಲದ ಮೇಲೆ ಕೂತು ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. ನನಗೂ ಎರಡೂ ಆಯಿತು. ಪರಾತ ಒರೆಸಿ ಮತ್ತೆ ಇಟ್ಟರು. ಮಳೆ ನಿಲ್ಲುವ ತನಕ, ನಿಂತ ಮೇಲೂ ಒಂದು ತಾಸು ಕಾದೆವು, ಯಾಕೆಂದರೆ ಮಣ್ಣಿನ ಮಾಳಿಗೆ ಕುಡಿದ ನೀರನ್ನು ಮೆಲ್ಲಗೆ ಬಿಡುತ್ತದೆ. ಪರಾತ ಒಣಗಿಯೇ ಇತ್ತು. ಜಂತಿ ಒಣಗಿತ್ತು. ಗಿಳಿಗಳು ಒಣಗಿದ್ದವು.

"ಸ್ಲ್ಯಾಬ್ ಬ್ಯಾಡ್ರಿ ಮೇಡಂ" ಎಂದರು ಸಾವ್ಕಾರರು. "ನನ್ನ ಮಾತು ಮಾತೇ."

ಚಹಾ ಬಂತು. ಎಲ್ಲರಿಗೂ ಒಂದೇ ತಾಟಿನಲ್ಲಿ, ಒಂದೇ ತರದ ಕಪ್ಪಿನಲ್ಲಿ. ನಾನು ಪಡಸಾಲೆಯ ಅಂಚಿಗೆ ಕೂತಿದ್ದೆ. ಮೊಮ್ಮಗಳು ಬಂದು ನನ್ನ ಪಕ್ಕ ಕೂತು, ಹಸಿ ಜಡೆಯನ್ನು ನನ್ನ ಸೆರಗಿನಲ್ಲಿ ಒರೆಸಿಕೊಂಡಳು. ಸಾವ್ಕಾರರ ತಾಯಿ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಈಕಿ ನಿನ್ನ ಮೊಮ್ಮಗಳೇನಬೇ?"

"ಹೌದ್ರೀ ಅವ್ವಾರ. ನನ್ನ ಮೊಮ್ಮಗಳು." ಇಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ, ಅವರು ಎದುರಿಗೇ ಇದ್ದರು.

"ಮಣ್ಣು ಛಲೋ ಬಡದೀರಿ. ಬರೂ ವರ್ಷನೂ ಹಾಕಬೇಕಲ್ಲ, ಬರ್ತೀಯಿಲ್ಲೊ?"

"ಬರ್ತೀನ್ರೀ" ಎಂದೆ. "ನೀವು ರೊಟ್ಟಿ ಮುಚ್ಚಿಡ್ರಿ."

ಅವರು ಕಪ್ಪನ್ನು ಬಾಯಿಯ ಹತ್ತಿರ ಒಯ್ದವರು ಹಾಗೇ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಬೆಳಕಿಂಡಿಯ ಕಡೆ ನೋಡಿದರು.

"ಎಲಾ ಇಕಿನ," ಎಂದರು, "ನೀನ ಏನ ಅಕಿ!"

ಈ ಸಲ ನಕ್ಕದ್ದು ಸರಿಯಾಗಿ ಕಾಣಿಸಿತು.